ಎಳೆ ಮಗುವಿಗೆ ಕೈರೋಪ್ರಾಕ್ಟಿಕ್, ಕ್ರೇನಿಯಲ್ ಥೆರಪಿ ಮಾಡಿಸುವ ಮುಂಚೆ: ಬೆಂಗಳೂರಿನ ಅಪ್ಪ-ಅಮ್ಮಂದಿರಿಗೆ

ಮಗುವಿನ ತಲೆ ಒಂದು ಕಡೆ ಚಪ್ಪಟೆಯಾಗಿದೆ. ಕತ್ತು ಒಂದೇ ಕಡೆ ವಾಲುತ್ತದೆ. ಸಂಜೆಯಾದರೆ ಅಳು ನಿಲ್ಲುವುದಿಲ್ಲ. ಒಂದು ಎದೆಯಲ್ಲಿ ಹಾಲು ಕುಡಿಯುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಕಿರುಚುತ್ತದೆ. ಇಂಥದ್ದು ಏನಾದರೂ ಇದ್ದು ಫೋನಿನಲ್ಲಿ ಹುಡುಕಿದರೆ ಸಾಕು, ಮಕ್ಕಳಿಗೆ ಮೃದುವಾದ ಕೈರೋಪ್ರಾಕ್ಟಿಕ್, ಕ್ರೇನಿಯೊಸೇಕ್ರಲ್ ಥೆರಪಿ ಅಂತ ಒಂದರ ಹಿಂದೆ ಒಂದು ವೀಡಿಯೊ ಬರುತ್ತವೆ. ಮಗು ಕಣ್ಣು ಮುಚ್ಚಿ ಹಾಯಾಗಿ ಮಲಗಿರುತ್ತದೆ, ಯಾರೋ ತಲೆಯನ್ನು ಅಂಗೈಯಲ್ಲಿ ಹಿಡಿದಿರುತ್ತಾರೆ. ನಿದ್ದೆಗೆಟ್ಟ ತಾಯಿಗೆ ಅದನ್ನು ನೋಡಿದರೆ ಆಸೆಯಾಗುವುದು ಸಹಜ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಳೆ ಮಗುವಿನ ಕತ್ತನ್ನೋ ಬೆನ್ನನ್ನೋ ಲಟಕ್ ಅಂತ ತಿರುಗಿಸುವ, ಎಳೆಯುವ ಯಾವ ಚಿಕಿತ್ಸೆಯೂ ಬೇಡ. ಯಾರು ಮಾಡಿದರೂ ಬೇಡ. ಹಗುರವಾಗಿ ಮುಟ್ಟುವ ಚಿಕಿತ್ಸೆಯಿಂದ ಅಪಾಯ ಕಡಿಮೆ, ಆದರೆ ಅದರಿಂದ ಲಾಭ ಇದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿಯೂ ಇಲ್ಲ. ಹಾಗಾಗಿ ತೊಂದರೆಗೆ ಕಾರಣ ಏನು ಅಂತ ಗೊತ್ತಾದ ಮೇಲೆ ಮಾತ್ರ ಆ ಯೋಚನೆ ಮಾಡಿ. ಇನ್ನು ಹೆಚ್ಚಿನ ಮಕ್ಕಳಿಗೆ ನಿಜವಾಗಿ ಬೇಕಾಗುವುದು ಮನೆಯಲ್ಲೇ ಆಗುವ ಕೆಲಸ. ಮಲಗಿಸುವ ರೀತಿ, ಎತ್ತಿಕೊಳ್ಳುವ ರೀತಿ, ಹಾಲು ಕುಡಿಸುವ ರೀತಿ ಸ್ವಲ್ಪ ಬದಲಾಗಬೇಕು, ಅಷ್ಟೆ.

ಈ ಚಿಕಿತ್ಸೆಗಳು ಏನು?

ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದಲ್ಲಿ, 1895ರಲ್ಲಿ. ಡಿ. ಡಿ. ಪಾಮರ್ ಅನ್ನುವವರು ಶುರು ಮಾಡಿದರು. ಬೆನ್ನುಮೂಳೆ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ನರಗಳಿಗೆ ತೊಂದರೆ, ಅದನ್ನು ಕೈಯಿಂದ ಸರಿ ಮಾಡಿದರೆ ಕಾಯಿಲೆ ವಾಸಿ ಅನ್ನುವುದು ಅವರ ಮೂಲ ವಾದ. ತಲೆಬುರುಡೆಯನ್ನು ಕೈಯಿಂದ ಹಗುರವಾಗಿ ಮುಟ್ಟಿ, ಒತ್ತಿ ಮಾಡುವ ಕ್ರೇನಿಯಲ್ ಆಸ್ಟಿಯೋಪಥಿಯನ್ನು ಬೆಳೆಸಿದ್ದು ವಿಲಿಯಂ ಸದರ್ಲೆಂಡ್, 1930ರ ದಶಕದ ಹೊತ್ತಿಗೆ. ಅದರಿಂದಲೇ ಜಾನ್ ಅಪ್ಲೆಜರ್ 1970ರ ನಂತರ ಕ್ರೇನಿಯೊಸೇಕ್ರಲ್ ಥೆರಪಿ ಅಂತ ಬೇರೆ ಮಾಡಿದರು. ತಲೆಬುರುಡೆಯಿಂದ ಬೆನ್ನಿನ ತುದಿಯವರೆಗೆ ಒಂದು ಲಯ ಇರುತ್ತದೆ, ಕೈ ಇಟ್ಟರೆ ಅದು ಗೊತ್ತಾಗುತ್ತದೆ ಅನ್ನುತ್ತಾರೆ. ಆದರೆ ಒಬ್ಬರೇ ರೋಗಿಯನ್ನು ಇಬ್ಬರು ತಜ್ಞರು ಮುಟ್ಟಿ ನೋಡಿ ಆ ಲಯವನ್ನು ಎಣಿಸಿದಾಗ ಇಬ್ಬರ ಲೆಕ್ಕವೂ ಹೊಂದಲಿಲ್ಲ. ಅದಕ್ಕೇ ಈ ವಾದ ನನಗೆ ಒಪ್ಪಿಗೆಯಾಗಿಲ್ಲ.

ಅಳುವ ಮಕ್ಕಳ ಮೇಲೆ ಈ ಚಿಕಿತ್ಸೆಗಳ ಪ್ರಯೋಗ ನಡೆದಿದೆ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ಅಂಥ 6 ಅಧ್ಯಯನಗಳನ್ನು, ಒಟ್ಟು 325 ಮಕ್ಕಳನ್ನು ಒಟ್ಟಿಗೆ ಇಟ್ಟು ನೋಡಿತು. ಮೇಲ್ನೋಟಕ್ಕೆ ಅಳು ಕಡಿಮೆಯಾದ ಹಾಗೆ ಕಂಡಿತು. ಆದರೆ ತಮ್ಮ ಮಗುವಿಗೆ ಚಿಕಿತ್ಸೆ ಸಿಕ್ಕಿದೆಯೋ ಇಲ್ಲವೋ ಅಂತ ಅಪ್ಪ-ಅಮ್ಮನಿಗೆ ಗೊತ್ತಿಲ್ಲದ ಅಧ್ಯಯನಗಳನ್ನು ಮಾತ್ರ ತೆಗೆದುಕೊಂಡಾಗ ಆ ವ್ಯತ್ಯಾಸ ನಿಲ್ಲಲಿಲ್ಲ. ಯೋಚಿಸಿದರೆ ಅರ್ಥವಾಗುತ್ತದೆ ಅಲ್ವಾ? ದುಡ್ಡು ಕೊಟ್ಟು, ಟ್ರಾಫಿಕ್ಕಿನಲ್ಲಿ ಒದ್ದಾಡಿ ಮಗುವನ್ನು ಕರೆದುಕೊಂಡು ಹೋಗಿ ಬಂದವರಿಗೆ ಆ ರಾತ್ರಿ ಅಳು ಸ್ವಲ್ಪ ಕಡಿಮೆ ಅಂತ ಅನ್ನಿಸಿಯೇ ಅನ್ನಿಸುತ್ತದೆ.

ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಎರಡು ವಾರದ ಮಗುವನ್ನು ಒಬ್ಬ ಕೈರೋಪ್ರಾಕ್ಟರ್ ಕಾಲು ಹಿಡಿದು ತಲೆಕೆಳಗಾಗಿ ಎತ್ತಿದ ವೀಡಿಯೊ 2019ರಲ್ಲಿ ದೊಡ್ಡ ಸುದ್ದಿಯಾಯಿತು. ಅದರ ನಂತರ ಅಲ್ಲಿನ ಕೈರೋಪ್ರಾಕ್ಟಿಕ್ ಮಂಡಳಿಯೇ 2 ವರ್ಷದೊಳಗಿನ ಮಕ್ಕಳ ಬೆನ್ನುಮೂಳೆ ತಿರುಗಿಸುವುದನ್ನು ನಿಲ್ಲಿಸಿ ಅಂತ ತನ್ನವರಿಗೆ ಹೇಳಿತು. ಸರ್ಕಾರ ಮಾಡಿಸಿದ ಪರಿಶೀಲನೆಯಲ್ಲಿ ಗಂಭೀರ ಹಾನಿಯ ದಾಖಲೆ ಕಡಿಮೆಯೇ ಸಿಕ್ಕಿತು, ಆದರೆ ಲಾಭಕ್ಕೂ ಗಟ್ಟಿ ಸಾಕ್ಷಿ ಸಿಗಲಿಲ್ಲ. ಲಾಭವೇ ಖಚಿತವಿಲ್ಲದಾಗ ಸಣ್ಣ ಅಪಾಯವನ್ನಾದರೂ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು?

ಹಂತ 1: ಆಸ್ಪತ್ರೆಗೇ ಹೋಗಬೇಕಾದ ಲಕ್ಷಣ ಇದೆಯಾ ನೋಡಿ

ಇದನ್ನು ದಾಟಿ ಮುಂದೆ ಹೋಗಬೇಡಿ. ಕೆಳಗಿನ ಯಾವುದಾದರೂ ಒಂದು ಇದ್ದರೆ ಥೆರಪಿ, ಮಸಾಜು, ಎಲ್ಲ ಪಕ್ಕಕ್ಕಿಟ್ಟು ಮಕ್ಕಳ ಡಾಕ್ಟರ ಹತ್ತಿರ ಹೋಗಿ.

- 3 ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ
- ಹಾಲು ಕುಡಿಯುವುದನ್ನು ಬಿಟ್ಟಿದೆ, ಎಬ್ಬಿಸಿದರೂ ಏಳುತ್ತಿಲ್ಲ, ಮೈ ಸಡಿಲವಾಗಿದೆ
- ಹಸಿರು ಬಣ್ಣದ ವಾಂತಿ
- ಮೂರ್ಛೆ, ಅಥವಾ ತುಟಿ ನೀಲಿಯಾಗುವುದು
- ಅಳದೆ ಇರುವಾಗಲೂ ನೆತ್ತಿ ಉಬ್ಬಿಕೊಂಡಿರುವುದು
- ಯಾವತ್ತೂ ಇಲ್ಲದ ಹಾಗೆ ಕೀರಲು ದನಿಯಲ್ಲಿ ಅಳು
- ಒಂದು ಕೈ ಅಥವಾ ಕಾಲನ್ನು ಆಡಿಸದೇ ಇರುವುದು
- ನೆಟ್ಟಗಿದ್ದ ಕತ್ತು ಇದ್ದಕ್ಕಿದ್ದಂತೆ ವಾಲುವುದು

ಮಗುವಿನ ಸ್ಥಿತಿ ತೀರಾ ಹದಗೆಟ್ಟಿದ್ದರೆ 108ಕ್ಕೆ ಫೋನ್ ಮಾಡಿ.

ನೆತ್ತಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಭೇದಿ, ವಾಂತಿ ಆದ ಮಗುವಿನ ನೆತ್ತಿ ಒಳಗೆ ಹೋಗಿದ್ದರೆ ಅದು ಮೈಯಲ್ಲಿ ನೀರು ಕಡಿಮೆಯಾದ ಲಕ್ಷಣ. ನೆತ್ತಿ ಬಿದ್ದಿದೆ ಅಂತ ಹೇಳಿ ಬಾಯೊಳಗೆ ಬೆರಳಿಟ್ಟು ಅಂಗುಳವನ್ನು ಮೇಲಕ್ಕೆ ಒತ್ತುವುದು, ನೆತ್ತಿಯ ಮೇಲೆ ಏನಾದರೂ ಮೆತ್ತುವುದು ಈಗಲೂ ಕೆಲವು ಮನೆಗಳಲ್ಲಿ ಇದೆ. ಅದರಿಂದ ನೆತ್ತಿ ಮೇಲೆ ಬರುವುದಿಲ್ಲ. ಎದೆಹಾಲು ಮತ್ತೆ ಮತ್ತೆ ಕೊಡುತ್ತಾ ತಕ್ಷಣ ಡಾಕ್ಟರ ಹತ್ತಿರ ಹೋಗಿ, ಅವರು ಹೇಳಿದ ಪ್ರಮಾಣದಲ್ಲಿ ಓಆರ್‌ಎಸ್ ಕೊಡಿ. ನೀರು ಸೇರಿದರೆ ನೆತ್ತಿ ತಾನಾಗಿ ಸರಿಹೋಗುತ್ತದೆ.

ಹಂತ 2: ಹಗಲು ಬೆಳಕಿನಲ್ಲಿ ಮಗುವನ್ನು ಸರಿಯಾಗಿ ನೋಡಿ

ಹುಟ್ಟಿದ ಮಗುವಿನ ತಲೆಬುರುಡೆ ಒಂದೇ ಮೂಳೆಯಲ್ಲ. ಹಲವು ಮೂಳೆಗಳು, ನಡುವೆ ಸಂದುಗಳು. ಹೆರಿಗೆಯ ದಾರಿಯಲ್ಲಿ ಬರುವಾಗ ತಲೆ ಸ್ವಲ್ಪ ಉದ್ದವಾಗುವುದು, ಸೊಟ್ಟಗಾಗುವುದು ಸಾಮಾನ್ಯ. ಹೆಚ್ಚಿನ ಮಕ್ಕಳಲ್ಲಿ ಕೆಲವು ದಿನ, ಒಂದೆರಡು ವಾರದಲ್ಲಿ ತಾನಾಗಿ ಸರಿಹೋಗುತ್ತದೆ. ಹಿಂದಿನ ಸಣ್ಣ ನೆತ್ತಿ ಎರಡು-ಮೂರು ತಿಂಗಳಿಗೆ ಮುಚ್ಚುತ್ತದೆ. ಮುಂದಿನ ದೊಡ್ಡದು ಸಾಮಾನ್ಯವಾಗಿ 12ರಿಂದ 18 ತಿಂಗಳ ನಡುವೆ.

ಮಗುವಿನ ತಲೆಯನ್ನು ಮೇಲಿನಿಂದ ನೋಡಿ, ಒಂದು ಫೋಟೊ ತೆಗೆದುಕೊಳ್ಳಿ. ಸ್ನಾನವಾದ ಮೇಲೆ ಕೂದಲು ಒದ್ದೆ ಇರುವಾಗ ಆಕಾರ ಚೆನ್ನಾಗಿ ಕಾಣುತ್ತದೆ. ಹಿಂದೆ ಒಂದು ಕಡೆ ಚಪ್ಪಟೆಯಾಗಿ, ಅದೇ ಕಡೆಯ ಕಿವಿ ಮುಂದಕ್ಕೆ ಸರಿದು, ಹಣೆಯೂ ಆ ಕಡೆ ಸ್ವಲ್ಪ ಮುಂದೆ ಬಂದಿದ್ದರೆ ಅದು ಬಹುತೇಕ ಒಂದೇ ಕಡೆ ಮಲಗಿದ್ದರಿಂದ ಆದದ್ದು. ಇದಕ್ಕೆ ಹೆದರಬೇಕಿಲ್ಲ. ಆದರೆ ತಲೆಯ ಮೇಲೆ ಗಟ್ಟಿಯಾದ ಏಣು ಕೈಗೆ ಸಿಕ್ಕರೆ, ನೆತ್ತಿ ತೀರಾ ಬೇಗ ಮುಚ್ಚಿದ ಹಾಗಿದ್ದರೆ, ಹುಟ್ಟಿದಾಗಿನಿಂದಲೇ ಆಕಾರ ವಿಚಿತ್ರವಾಗಿದ್ದು ದಿನೇ ದಿನೇ ಜಾಸ್ತಿಯಾಗುತ್ತಿದ್ದರೆ, ಮೂಳೆಗಳ ಸಂದು ಅವಧಿಗೆ ಮುಂಚೆ ಕೂಡಿಕೊಂಡಿರಬಹುದು. ಅದಕ್ಕೆ ಆಪರೇಷನ್ ಬೇಕಾಗಬಹುದು, ಬೇಗ ಗೊತ್ತಾದಷ್ಟೂ ಒಳ್ಳೆಯದು. ಅಂಥ ಮಗುವಿನ ತಲೆಯನ್ನು ಕೈಯಿಂದ ಸರಿ ಮಾಡುತ್ತೇನೆ ಅಂತ ಯಾರಾದರೂ ತಿಂಗಳುಗಟ್ಟಲೆ ಕೂರಿಸಿಕೊಂಡರೆ ಕಳೆದುಹೋದ ಸಮಯ ವಾಪಸ್ ಬರುವುದಿಲ್ಲ. ನನಗೆ ಅತಿ ಹೆಚ್ಚು ಭಯ ಆಗುವುದು ಇದಕ್ಕೇ.

ಆಮೇಲೆ ಕತ್ತು. ಮಗುವನ್ನು ಬೆನ್ನ ಮೇಲೆ ಮಲಗಿಸಿ, ಗಿಲಕಿಯನ್ನು ಮುಖದ ಮುಂದೆ ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡಿಸಿ. ಎರಡೂ ಕಡೆ ಒಂದೇ ಸಮ ತಿರುಗುತ್ತದಾ? ತಲೆ ಬಲಕ್ಕೆ ವಾಲಿ ಗದ್ದ ಎಡಕ್ಕೆ ತಿರುಗಿದ್ದರೆ ಬಲಗಡೆಯ ಕತ್ತಿನ ಸ್ನಾಯು ಬಿಗಿಯಾಗಿರಬಹುದು. ಡಾಕ್ಟರುಗಳು ಇದನ್ನು ಟಾರ್ಟಿಕೊಲಿಸ್ ಅನ್ನುತ್ತಾರೆ. ಕೆಲವು ಮಕ್ಕಳಿಗೆ ಮೊದಲ ಕೆಲವು ವಾರಗಳಲ್ಲಿ ಕತ್ತಿನ ಪಕ್ಕ ಒಂದು ಸಣ್ಣ ಗಂಟೂ ಸಿಗುತ್ತದೆ. ಅದನ್ನು ಹಿಸುಕಬೇಡಿ, ಎಣ್ಣೆ ಹಾಕಿ ತೀಡಬೇಡಿ. ಡಾಕ್ಟರಿಗೆ ತೋರಿಸಿ. ಮಗುವಿನ ಕತ್ತು ವಾಲುವುದು ಆಸ್ಪತ್ರೆಯಲ್ಲಿ ಕಾಣಿಸದೇ ಇರಬಹುದು, ಅದಕ್ಕೆ ಮನೆಯಲ್ಲೇ ಒಂದು ನಿಮಿಷದ ವೀಡಿಯೊ ಮಾಡಿಟ್ಟುಕೊಳ್ಳಿ.

ವ್ಯಾಕ್ಯೂಮ್ ಹಾಕಿ ಹೆರಿಗೆಯಾದ ಮಕ್ಕಳಿಗೆ ತಲೆಯ ಮೇಲೆ ರಕ್ತ ಕಟ್ಟಿದ ಬಾವು ಇರುವುದುಂಟು. ಅದು ಹೋಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅದನ್ನು ಒತ್ತಲೂ ಬಾರದು, ಚುಚ್ಚಲೂ ಬಾರದು. ಇಂಥ ಮಕ್ಕಳಿಗೆ ಕಾಮಾಲೆ ಸ್ವಲ್ಪ ಜಾಸ್ತಿಯಾಗಬಹುದು, ಕಣ್ಣು, ಮೈ ಹಳದಿಯಾಗಿದೆಯಾ ಅಂತ ಗಮನಿಸುತ್ತಿರಿ.

ಹಂತ 3: ಮೊದಲು ಮಕ್ಕಳ ಡಾಕ್ಟರು, ಆಮೇಲೆ ಫಿಸಿಯೋ

ಇದಕ್ಕಾಗಿ ಬೇರೆ ದಿನ ಹುಡುಕಬೇಕಿಲ್ಲ. 6, 10, 14 ವಾರಕ್ಕೆ ಲಸಿಕೆ ಹಾಕಿಸಲು ಹೋಗೇ ಹೋಗುತ್ತೀರಿ. ಆ ದಿನ ತಾಯಿ ಕಾರ್ಡ್ ಜೊತೆಗೆ ಫೋಟೊ, ವೀಡಿಯೊ ತೆಗೆದುಕೊಂಡು ಹೋಗಿ. ತಲೆಯ ಸುತ್ತಳತೆ ಅಳೆಯಲು ಕೇಳಿ, ಕಾರ್ಡಿನಲ್ಲಿ ಬರೆಸಿಕೊಳ್ಳಿ. ದಿನ ತುಂಬಿ ಹುಟ್ಟಿದ ಮಗುವಿನ ತಲೆ ಸುಮಾರು 34-35 ಸೆಂಟಿಮೀಟರ್ ಇರುತ್ತದೆ. ಮೊದಲ ಮೂರು ತಿಂಗಳು ತಿಂಗಳಿಗೆ ಹೆಚ್ಚುಕಡಿಮೆ 2 ಸೆಂಟಿಮೀಟರ್, ಮುಂದಿನ ಮೂರು ತಿಂಗಳು 1 ಸೆಂಟಿಮೀಟರಿನ ಹಾಗೆ ಬೆಳೆಯುತ್ತದೆ. ಒಂದು ಸಲದ ಅಳತೆಯಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಸಾಲಾಗಿ ಬರೆದ ಅಳತೆಗಳಿದ್ದರೆ ತಲೆ ತೀರಾ ವೇಗವಾಗಿ ಬೆಳೆಯುತ್ತಿದೆಯೋ, ನಿಂತುಬಿಟ್ಟಿದೆಯೋ ಅಂತ ಡಾಕ್ಟರಿಗೆ ಕಾಣುತ್ತದೆ.

ನೇರವಾಗಿ ಕೇಳಿ: "ಡಾಕ್ಟ್ರೇ, ಇದು ಮಲಗಿ ಚಪ್ಪಟೆಯಾದದ್ದಾ, ಸಂದು ಕೂಡಿಕೊಂಡದ್ದಾ? ಕತ್ತಿನ ಸ್ನಾಯು ಬಿಗಿ ಇದೆಯಾ? ಫಿಸಿಯೋ ಬೇಕಾ?" ಡಾಕ್ಟರು ಸುಮ್ನೆ ಸರಿಹೋಗುತ್ತೆ ಬಿಡಿ ಅಂದರೆ, ಎಷ್ಟು ದಿನ ನೋಡಬೇಕು, ಯಾವಾಗ ಮತ್ತೆ ಬರಬೇಕು ಅಂತ ಕೇಳಿಕೊಂಡೇ ಎದ್ದು ಬನ್ನಿ.

ಟಾರ್ಟಿಕೊಲಿಸ್ ಇದ್ದರೆ ಮಕ್ಕಳ ಫಿಸಿಯೋಥೆರಪಿಯೇ ಸರಿಯಾದ ದಾರಿ. ಬೇಗ ಶುರು ಮಾಡಿದರೆ, ಅದರಲ್ಲೂ ಮೂರು ತಿಂಗಳೊಳಗೆ ಶುರು ಮಾಡಿದರೆ, ಫಲಿತಾಂಶ ತುಂಬಾ ಚೆನ್ನಾಗಿರುತ್ತದೆ. ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಬೆಂಗಳೂರಿನಲ್ಲಿ ಇದಕ್ಕೆ ದಾರಿ ಕಷ್ಟವಿಲ್ಲ. ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮಕ್ಕಳಿಗೇ ಮೀಸಲಾದ ಸರ್ಕಾರಿ ವಲಯದ ಆಸ್ಪತ್ರೆ. ಕೆ.ಆರ್. ಮಾರ್ಕೆಟ್ ಹತ್ತಿರ ವಾಣಿ ವಿಲಾಸ ಇದೆ. ಸೇಂಟ್ ಜಾನ್ಸ್ ಥರದ ದೊಡ್ಡ ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗ, ಫಿಸಿಯೋ ವಿಭಾಗ ಎರಡೂ ಒಂದೇ ಆವರಣದಲ್ಲಿ ಸಿಗುತ್ತವೆ. ಖಾಸಗಿ ಕ್ಲಿನಿಕ್ಕಿಗೆ ಹೋಗುವುದಾದರೆ ಎಳೆ ಮಕ್ಕಳನ್ನು ದಿನವೂ ನೋಡುವ ಫಿಸಿಯೋ ಹತ್ತಿರವೇ ಹೋಗಿ. ಮಂಡಿ ನೋವು, ಸೊಂಟ ನೋವು ನೋಡುವವರೆಲ್ಲ ಇದಕ್ಕೆ ಆಗುವುದಿಲ್ಲ.

ಹಾಲು ಕುಡಿಯುವುದೇ ತೊಂದರೆಯಾಗಿದ್ದರೆ ಎದೆಹಾಲಿನ ಸಲಹೆಗಾರರನ್ನು ನೋಡಿ. ಮಗು ಎದೆ ಹಿಡಿಯುವ ರೀತಿ ತಪ್ಪಾಗಿರಬಹುದು, ನಾಲಿಗೆಯ ಕೆಳಗಿನ ಪೊರೆ ಗಿಡ್ಡ ಇರಬಹುದು. ಅವರು ಒಂದು ಗಂಟೆ ಕೂತು ನೋಡಿದರೆ ಗೊತ್ತಾಗುವ ವಿಷಯಕ್ಕೆ ತಲೆಬುರುಡೆಯ ಚಿಕಿತ್ಸೆ ಮಾಡಿಸುತ್ತಾ ಕೂತರೆ ಅಷ್ಟರಲ್ಲಿ ತಾಯಿಯ ಹಾಲು ಕಡಿಮೆಯಾಗುತ್ತಾ ಹೋಗುತ್ತದೆ.

ಹಂತ 4: ಮನೆಯಲ್ಲಿ ಮಾಡುವ ಕೆಲಸ

ಮಗು ಯಾವಾಗಲೂ ಬೆನ್ನ ಮೇಲೇ ಮಲಗಬೇಕು. ರಾತ್ರಿಯೂ ಸರಿ, ಮಧ್ಯಾಹ್ನವೂ ಸರಿ. ಅಮೆರಿಕದಲ್ಲಿ 1994ರಲ್ಲಿ ಇದರ ಪ್ರಚಾರ ಶುರುವಾದ ಮೇಲೆ ನಿದ್ದೆಯಲ್ಲೇ ಮಕ್ಕಳು ಸಾಯುವುದು ಸುಮಾರು ಅರ್ಧದಷ್ಟು ಕಡಿಮೆಯಾಯಿತು. ತಲೆ ಚಪ್ಪಟೆಯಾಗುವುದು ಜಾಸ್ತಿಯಾಗಿದ್ದೂ ಆಮೇಲೇ, ನಿಜ. ಆದರೆ ತಲೆ ದುಂಡಗಾಗಲಿ ಅಂತ ಬೋರಲು ಮಲಗಿಸಿ ನಿದ್ದೆ ಮಾಡಿಸುವುದು ಖಂಡಿತ ಬೇಡ. ಉಸಿರಿನ ಮುಂದೆ ಆಕಾರ ದೊಡ್ಡದಲ್ಲ.

ಸಾಸಿವೆ ದಿಂಬು, ರಾಗಿ ದಿಂಬು, ನಡುವೆ ಗುಂಡಿ ಇರುವ ರೆಡಿಮೇಡ್ ದಿಂಬು, ಯಾವುದೂ ಬೇಡ. ಅಜ್ಜಿ ಪ್ರೀತಿಯಿಂದ ಹೊಲಿದು ತಂದಿರುತ್ತಾರೆ, ಬೇಡ ಅನ್ನಲು ಸಂಕಟವಾಗುತ್ತದೆ, ಗೊತ್ತು. ಮಗು ಎಚ್ಚರ ಇದ್ದಾಗ, ನೀವು ಎದುರಿಗೇ ಕೂತಿರುವಾಗ ಒಂದಷ್ಟು ಹೊತ್ತು ಇಡಿ, ನಿದ್ದೆಗೆ ಮಾತ್ರ ಬೇಡ ಅಂತ ಹೇಳಿ ನೋಡಿ. ನಿದ್ದೆಗೆ ಸಮತಟ್ಟಾದ, ಗಟ್ಟಿಯಾದ ಹಾಸಿಗೆ ಸಾಕು. ಸೀರೆಯ ಜೋಲಿಯಲ್ಲಿ ಕತ್ತು ಮುಂದಕ್ಕೆ ಬಾಗುತ್ತದೆ, ತಲೆ ಆಡಿಸಲು ಜಾಗ ಇರುವುದಿಲ್ಲ. ಗಂಟೆಗಟ್ಟಲೆ ಅದರಲ್ಲೇ ಬಿಡಬೇಡಿ.

ಈಗ ಮುಖ್ಯ ಉಪಾಯ. ಮಗು ಬೆಳಕಿನ ಕಡೆ, ಅಮ್ಮನ ಕಡೆ, ಟಿವಿ ಸದ್ದಿನ ಕಡೆ ತಲೆ ತಿರುಗಿಸುತ್ತದೆ. ನಮ್ಮ ಮನೆಗಳಲ್ಲಿ ಮಂಚದ ಒಂದು ಕಡೆ ಗೋಡೆ, ಇನ್ನೊಂದು ಕಡೆ ಅಮ್ಮ. ಮಗು ರಾತ್ರಿಯಿಡೀ ಅಮ್ಮನ ಕಡೆಗೇ ತಿರುಗಿರುತ್ತದೆ, ತಲೆ ಅದೇ ಕಡೆ ಚಪ್ಪಟೆಯಾಗುತ್ತದೆ. ಹಾಗಾಗಿ ಮಗುವನ್ನು ಇವತ್ತು ಒಂದು ದಿಕ್ಕಿಗೆ ತಲೆ ಮಾಡಿ ಮಲಗಿಸಿದರೆ ನಾಳೆ ಅದರ ಎದುರು ದಿಕ್ಕಿಗೆ ಮಲಗಿಸಿ. ಪೂರ್ವ-ಪಶ್ಚಿಮ ಆದರೆ ಯಾರ ತಕರಾರೂ ಇರುವುದಿಲ್ಲ. ಕೋಣೆಯಲ್ಲಿ ತೊಟ್ಟಿಲು ಉತ್ತರ-ದಕ್ಷಿಣಕ್ಕೇ ಹಿಡಿಸುವ ಹಾಗಿದ್ದು, ಉತ್ತರಕ್ಕೆ ತಲೆ ಹಾಕಬಾರದು ಅಂತ ಮನೆಯಲ್ಲಿ ಹಿರಿಯರು ಹೇಳಿದರೆ ಜಗಳ ಬೇಡ. ಅಮ್ಮನೇ ಜಾಗ ಬದಲಿಸಲಿ, ಅಥವಾ ತೊಟ್ಟಿಲನ್ನು ಕಿಟಕಿಯ ಇನ್ನೊಂದು ಪಕ್ಕಕ್ಕೆ ಸರಿಸಿ.

ಮಗು ತಿರುಗಲು ಒಪ್ಪದ ಕಡೆಯಿಂದಲೇ ಮಾತಾಡಿಸಿ. ಗಿಲಕಿ ಆ ಕಡೆ. ಬಾಟಲಿ ಇದ್ದರೆ ಒಂದು ಸಲ ಎಡತೋಳಿನಲ್ಲಿ, ಇನ್ನೊಂದು ಸಲ ಬಲತೋಳಿನಲ್ಲಿ ಹಿಡಿದು ಕುಡಿಸಿ. ಹೆಗಲ ಮೇಲೆ ಹಾಕಿಕೊಳ್ಳುವಾಗಲೂ ಹೆಗಲು ಬದಲಿಸಿ. ಮಗುವಿನ ತಲೆಯನ್ನು ಕೈಯಿಂದ ಬಲವಂತವಾಗಿ ತಿರುಗಿಸಬೇಡಿ. ಕತ್ತು ಎಳೆಯುವ ವ್ಯಾಯಾಮವನ್ನು ಫಿಸಿಯೋ ಕೈ ಹಿಡಿದು ಕಲಿಸಿದ ಮೇಲೆ ಮಾತ್ರ ಮಾಡಿ, ವೀಡಿಯೊ ನೋಡಿಕೊಂಡು ಬೇಡ.

ಟಮ್ಮಿ ಟೈಮ್, ಅಂದರೆ ಎಚ್ಚರ ಇರುವಾಗ ಬೋರಲು ಹಾಕುವುದು, ಹುಟ್ಟಿದ ಮೊದಲ ದಿನಗಳಿಂದಲೇ ಶುರು ಮಾಡಬಹುದು. ಮೊದಮೊದಲು ನಿಮ್ಮ ಎದೆಯ ಮೇಲೆ ಮಲಗಿಸಿಕೊಂಡರೂ ಲೆಕ್ಕವೇ. ಎರಡು-ಮೂರು ನಿಮಿಷಕ್ಕೆ ಅಳುತ್ತದೆ, ಎತ್ತಿಕೊಳ್ಳಿ, ಆಮೇಲೆ ಮತ್ತೆ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಇನ್ನೂ ತೆವಳದ ಮಕ್ಕಳಿಗೆ ದಿನದಲ್ಲಿ ಒಟ್ಟು 30 ನಿಮಿಷವಾದರೂ ಇದು ಬೇಕು ಅಂತ. ಒಂದೇ ಸಲ ಅಲ್ಲ, ಅಲ್ಲಲ್ಲಿ ಹಂಚಿ. ಹಾಲು ಕುಡಿದ ತಕ್ಷಣ ಬೇಡ, ಡಯಾಪರ್ ಬದಲಿಸಿದ ಮೇಲೆ ಮಾಡಿದರೆ ಅಭ್ಯಾಸವಾಗಿ ಉಳಿಯುತ್ತದೆ. ನೆಲದ ಮೇಲೆ ಚಾಪೆ, ಅದರ ಮೇಲೊಂದು ದಪ್ಪ ದುಪಟಿ, ಎದುರಿಗೆ ನೀವೂ ಬೋರಲು ಮಲಗಿ. ಮಗುವಿಗೆ ನಿಮ್ಮ ಮುಖಕ್ಕಿಂತ ಒಳ್ಳೆಯ ಆಟಿಕೆ ಇಲ್ಲ.

ಕಾರ್ ಸೀಟ್ ಕಾರಿಗೆ ಮಾತ್ರ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲೇ ಮಗು ಅದರಲ್ಲಿ ಬೇಕಾದಷ್ಟು ಹೊತ್ತು ಕೂತಿರುತ್ತದೆ. ಮನೆಗೆ ಬಂದ ಮೇಲೂ ನಿದ್ದೆ ಮಾಡುತ್ತಿದೆ ಅಂತ ಅದರಲ್ಲೇ ಬಿಡಬೇಡಿ.

ಹಂತ 5: ಎಣ್ಣೆ, ನೀರು, ಮತ್ತು ಎರೆಯಲು ಬರುವವರು

ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ನಮ್ಮಲ್ಲಿ ಚೆಂದದ ಪದ್ಧತಿ. ಅದನ್ನು ಬಿಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಬೆಚ್ಚಗಿನ ಕೈಯಿಂದ ಮೈಯೆಲ್ಲ ನಿಧಾನವಾಗಿ ಸವರಿದರೆ ಮಗುವಿಗೂ ಹಿತ, ತಾಯಿಗೂ ಹಿತ. ನನ್ನ ಮಟ್ಟಿಗೆ ಮೃದುವಾದ ಸ್ಪರ್ಶಕ್ಕೆ ಇದಕ್ಕಿಂತ ಬೇರೆ ಥೆರಪಿ ಬೇಕಾಗಿಲ್ಲ. ಕೊಬ್ಬರಿ ಎಣ್ಣೆ ಸಾಕು. ಕಿವಿಗೆ, ಮೂಗಿಗೆ ಎಣ್ಣೆ ಬಿಡಬಾರದು.

ತೊಂದರೆ ಇರುವುದು ಒತ್ತುವುದರಲ್ಲಿ. ತಲೆ ದುಂಡಗಾಗಲಿ ಅಂತ ಎರಡು ಅಂಗೈ ನಡುವೆ ಅದುಮುವುದು, ನೆತ್ತಿಯ ಮೇಲೆ ಎಣ್ಣೆ ತಟ್ಟಿ ತಟ್ಟಿ ಒತ್ತುವುದು, ಮೂಗು ನೀಳವಾಗಲಿ ಅಂತ ಚಿವುಟುವುದು, ಕೈಕಾಲುಗಳನ್ನು ಅಡ್ಡಡ್ಡ ಎಳೆದು ಮಡಚುವುದು. ಇನ್ನೂ ಒಂದು, ಉಳುಕು ತೆಗೆಯುವುದು. ಮಗು ಅಳುತ್ತಿದೆ, ಎಲ್ಲೋ ಉಳುಕಿದೆ ಅಂತ ಕಾಲು ಹಿಡಿದು ತಲೆಕೆಳಗೆ ಮಾಡುತ್ತಾರೆ, ಇಲ್ಲವೇ ಬಟ್ಟೆಯಲ್ಲಿ ಹಾಕಿ ಆ ಕಡೆ ಈ ಕಡೆ ಉರುಳಿಸುತ್ತಾರೆ. ಆಸ್ಟ್ರೇಲಿಯಾದ ವೀಡಿಯೊ ನೋಡಿ ಜನ ಬೆಚ್ಚಿಬಿದ್ದದ್ದು ಇದೇ ಥರದ ಕೆಲಸಕ್ಕೆ. ಎಳೆ ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರ. ಕತ್ತಿಗೆ ಅದನ್ನು ತಡೆದು ಹಿಡಿಯುವ ಬಲ ಇರುವುದಿಲ್ಲ.

ಎರೆಯಲು ಬರುವ ಅಮ್ಮನಿಗೆ ಬೇಜಾರಾಗದ ಹಾಗೆ ಮೊದಲ ದಿನವೇ ಹೇಳಿಬಿಡಿ. "ಅಮ್ಮಾ, ನಿಮ್ಮ ಕೈ ತುಂಬಾ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ. ಆದ್ರೆ ತಲೆ, ಕತ್ತು ಮಾತ್ರ ಒತ್ತಬೇಡಿ, ಡಾಕ್ಟ್ರು ಬೇಡ ಅಂದಿದ್ದಾರೆ." ಡಾಕ್ಟರ ಹೆಸರು ಮುಂದೆ ಇಟ್ಟರೆ ಅತ್ತೆಯವರೂ ಸಾಮಾನ್ಯವಾಗಿ ಒಪ್ಪುತ್ತಾರೆ. ಸ್ನಾನದ ಹೊತ್ತಿನಲ್ಲಿ ನೀವೋ ಮನೆಯವರೋ ಒಬ್ಬರು ಪಕ್ಕದಲ್ಲೇ ಇರಿ.

ಬಟ್ಟೆಯಲ್ಲಿ ಸುತ್ತುವಾಗ ಕಾಲು ನೀಟ ಮಾಡಿ ಬಿಗಿಯಾಗಿ ಕಟ್ಟಬೇಡಿ, ಸೊಂಟದ ಕೀಲಿಗೆ ಒಳ್ಳೆಯದಲ್ಲ. ಕಪ್ಪೆಯ ಕಾಲಿನ ಹಾಗೆ ಮಡಚಿ ಅಗಲಿಸಿಕೊಳ್ಳಲು ಜಾಗ ಬಿಡಿ.

ಹಂತ 6: ಅಳುವೇ ಸಮಸ್ಯೆಯಾಗಿದ್ದರೆ

ಆರೋಗ್ಯವಾಗಿರುವ ಮಗು ದಿನಕ್ಕೆ 3 ಗಂಟೆಗಿಂತ ಜಾಸ್ತಿ, ವಾರಕ್ಕೆ 3 ದಿನಕ್ಕಿಂತ ಜಾಸ್ತಿ ಅಳುತ್ತಿದ್ದರೆ ಅದನ್ನು ಕಾಲಿಕ್ ಅನ್ನುತ್ತಾರೆ. ಸುಮಾರು 6 ವಾರದ ಹೊತ್ತಿಗೆ ಅಳು ಅತಿ ಹೆಚ್ಚು, 3-4 ತಿಂಗಳಿಗೆ ತಾನಾಗಿ ಇಳಿಯುತ್ತದೆ. ಹಾಗಾಗಿ 6 ವಾರಕ್ಕೆ ಯಾವ ಚಿಕಿತ್ಸೆ ಶುರು ಮಾಡಿದರೂ ಮುಂದಿನ ಕೆಲವು ವಾರಗಳಲ್ಲಿ ಅದರಿಂದಲೇ ಗುಣವಾಯಿತು ಅನ್ನಿಸುತ್ತದೆ.

ತೂಕ ಸರಿಯಾಗಿ ಏರುತ್ತಿದ್ದರೆ ಧೈರ್ಯವಾಗಿರಿ. ತೇಗು ತೆಗೆಸಿ, ಮುಂಗೈ ಮೇಲೆ ಬೋರಲು ಹಾಕಿಕೊಂಡು ಓಡಾಡಿ, ದೀಪ ಕಡಿಮೆ ಮಾಡಿ, ನೋಡಲು ಬಂದ ನೆಂಟರನ್ನು ಹೊರಗಿನ ಕೋಣೆಯಲ್ಲಿ ಕೂರಿಸಿ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬೇಡಿ. ಬಜೆ ತೇಯ್ದು ಹಾಕುವುದು, ಘುಟ್ಟಿ, ಇವನ್ನೆಲ್ಲ ಡಾಕ್ಟರನ್ನು ಕೇಳದೆ ಕೊಡಬೇಡಿ. ಗ್ರೈಪ್ ವಾಟರಿನಿಂದ ಕಾಲಿಕ್ ಹೋಗುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ.

ಸಿಟ್ಟು ನೆತ್ತಿಗೇರಿದರೆ ಮಗುವನ್ನು ತೊಟ್ಟಿಲಲ್ಲಿ ಬೆನ್ನ ಮೇಲೆ ಮಲಗಿಸಿ ಐದು ನಿಮಿಷ ಆಚೆ ಹೋಗಿ. ಅಳಲಿ, ಪರವಾಗಿಲ್ಲ. ಮಗುವನ್ನು ಯಾವತ್ತೂ ಜೋರಾಗಿ ಅಲುಗಾಡಿಸಬಾರದು, ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ರಾತ್ರಿ ಪಾಳಿಯನ್ನು ಅಪ್ಪ, ಅಜ್ಜಿ, ಚಿಕ್ಕಮ್ಮ ಹಂಚಿಕೊಳ್ಳಲಿ. ಬಾಣಂತಿಗೆ ಸದಾ ಅಳು ಬರುತ್ತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಎಷ್ಟೋ ಸಲ ಮಗುವಿಗಿಂತ ಮುಂಚೆ ತಾಯಿಯನ್ನು ಯಾರಾದರೂ ನೋಡಿಕೊಳ್ಳಬೇಕಾಗಿರುತ್ತದೆ.

ಹಂತ 7: ಇಷ್ಟಾದ ಮೇಲೂ ಮಾಡಿಸಬೇಕು ಅನ್ನಿಸಿದರೆ

ಮಕ್ಕಳ ಡಾಕ್ಟರು ನೋಡಿ ಬೇರೆ ಕಾಯಿಲೆ ಇಲ್ಲ ಅಂದಿದ್ದಾರೆ, ಮನೆಯ ಕೆಲಸ ನಡೆಯುತ್ತಿದೆ, ಆದರೂ ಹಗುರವಾದ ಸ್ಪರ್ಶದ ಚಿಕಿತ್ಸೆ ಒಮ್ಮೆ ನೋಡೋಣ ಅನ್ನಿಸಿದರೆ ಅದು ನಿಮ್ಮ ಇಷ್ಟ. ನಾನು ಬೈಯುವುದಿಲ್ಲ. ಮೊದಲು ಮಗುವಿಲ್ಲದೆ ನೀವೊಬ್ಬರೇ ಹೋಗಿ ಮಾತಾಡಿ ಬನ್ನಿ.

ಏನು ಓದಿದ್ದೀರಿ, ಎಲ್ಲಿ ಓದಿದ್ದೀರಿ, ಫಿಸಿಯೋ ಪದವಿ ಇದೆಯಾ ಅಂತ ಸಂಕೋಚವಿಲ್ಲದೆ ಕೇಳಿ. ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿದವರಿಗೂ ವರ್ಷಗಟ್ಟಲೆ ಮಕ್ಕಳನ್ನು ನೋಡಿದವರಿಗೂ ವ್ಯತ್ಯಾಸ ಇದೆ. ಎಂಬಿಬಿಎಸ್ ಡಾಕ್ಟರ್ ಅಂತ ಹೇಳಿಕೊಂಡರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ಕುಗಳು ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕೆಳಗೆ ನೋಂದಣಿ ಮಾಡಿಸಬೇಕು, ಆ ಸರ್ಟಿಫಿಕೇಟ್ ಗೋಡೆಯ ಮೇಲೆ ಇದೆಯಾ ನೋಡಿ.

ಆಮೇಲೆ ಮುಖ್ಯ ಪ್ರಶ್ನೆ: "ನೀವು ನನ್ನ ಮಗುವಿಗೆ ಏನು ಮಾಡುತ್ತೀರಿ? ನನ್ನ ಕೈ ಮೇಲೆ ಮಾಡಿ ತೋರಿಸಿ." ಈ ಕೆಲಸದವರೇ ಹೇಳುವ ಮಾತೊಂದಿದೆ, ಹಣ್ಣಾದ ಟೊಮೇಟೊ ಮುಟ್ಟಿ ನೋಡುವಷ್ಟು ಒತ್ತಡ ಮಾತ್ರ ಅಂತ. ನಿಮ್ಮ ಕೈ ಮೇಲೆ ಅದಕ್ಕಿಂತ ಜಾಸ್ತಿ ಅನ್ನಿಸಿದರೆ ಅಲ್ಲಿಗೆ ಮುಗಿಯಿತು, ನಮಸ್ಕಾರ ಹೇಳಿ ಬನ್ನಿ.

ಇಂಥ ಮಾತು ಕೇಳಿದರೂ ಎದ್ದು ಬನ್ನಿ: ಹುಟ್ಟಿದ ಪ್ರತಿ ಮಗುವಿಗೂ ಬೆನ್ನುಮೂಳೆ ಸರಿ ಮಾಡಿಸಲೇಬೇಕು. ಲಸಿಕೆ ಬೇಡ, ಇದೇ ಸಾಕು. ಆಸ್ತಮಾ, ಆಟಿಸಂ, ಕಿವಿ ಸೋಂಕು ಎಲ್ಲ ವಾಸಿ ಮಾಡುತ್ತೇವೆ. ಇವತ್ತೇ ಇಡೀ ಪ್ಯಾಕೇಜ್ ದುಡ್ಡು ಕಟ್ಟಿದರೆ ರಿಯಾಯಿತಿ. ಇಡೀ ಬೆನ್ನಿನ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ. ನೀವು ಹೊರಗೆ ಕೂತಿರಿ, ಮಗುವನ್ನು ನಾವು ನೋಡಿಕೊಳ್ಳುತ್ತೇವೆ.

ಹೋಗುವ ದಿನ ಮಗು ಹಾಲು ಕುಡಿದು ಸ್ವಲ್ಪ ಹೊತ್ತಾಗಿರಲಿ, ಎಚ್ಚರವಾಗಿರಲಿ. ನಿಮ್ಮ ಮಡಿಲಲ್ಲೇ ಮಾಡಿಸಬಹುದಾ ಕೇಳಿ. ಕತ್ತು ಹಿಡಿದು ತಿರುಗಿಸಲು ಹೋದರೆ, ಕಾಲು ಹಿಡಿದು ಎತ್ತಲು ಹೋದರೆ, ಬಾಯೊಳಗೆ ಗ್ಲೌಸ್ ಇಲ್ಲದೆ ಬೆರಳು ಹಾಕಲು ಹೋದರೆ ತಕ್ಷಣ ತಡೆಯಿರಿ. ಮಗು ಅಳಲು ಶುರು ಮಾಡಿದರೆ ನಿಲ್ಲಿಸಬೇಕು. ಅಳುವುದು ಒಳ್ಳೆಯದೇ, ಒಳಗಿನ ನೋವು ಹೊರಗೆ ಬರುತ್ತಿದೆ ಅನ್ನುವ ವಿವರಣೆ ಒಪ್ಪಿಕೊಳ್ಳಬೇಡಿ. ಅವಧಿಗೆ ಮುಂಚೆ ಹುಟ್ಟಿದ ಮಗು, ಮೂಳೆ ಅಥವಾ ರಕ್ತಸ್ರಾವದ ತೊಂದರೆ ಇರುವ ಮಗು, ತಲೆಯಲ್ಲಿ ಬಾವು ಇರುವ ಮಗು ಆದರೆ ಹೋಗಲೇಬೇಡಿ.

ಮನೆಗೆ ಬಂದ ಮೇಲೆ ಮಗು ಮಂಕಾದರೆ, ಹಾಲು ಬಿಟ್ಟರೆ, ಕತ್ತು ಆಡಿಸದಿದ್ದರೆ ನೇರ ಆಸ್ಪತ್ರೆಗೆ. ಏನು ಮಾಡಿಸಿದ್ದು ಅಂತ ಅಲ್ಲಿ ಮುಚ್ಚಿಡಬೇಡಿ.

ಹಂತ 8: ಬದಲಾವಣೆ ಆಗಿದೆಯಾ ಅಂತ ಅಳೆಯಿರಿ

ಎರಡು ವಾರಕ್ಕೊಮ್ಮೆ ಅದೇ ಜಾಗ, ಅದೇ ಬೆಳಕಿನಲ್ಲಿ ತಲೆಯ ಫೋಟೊ ತೆಗೆಯಿರಿ. ದಿನವೂ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ, ಫೋಟೊ ಪಕ್ಕ ಪಕ್ಕ ಇಟ್ಟರೆ ಗೊತ್ತಾಗುತ್ತದೆ. ಕತ್ತು ಎರಡೂ ಕಡೆ ತಿರುಗುವುದನ್ನು ಗಿಲಕಿಯಿಂದ ಮತ್ತೆ ನೋಡಿ. ಅಳು ಎಷ್ಟು ಹೊತ್ತು ಅಂತ ಒಂದು ಕ್ಯಾಲೆಂಡರಿನ ಮೇಲೆ ಗೀಚಿಡಿ. ಎರಡು-ಮೂರು ಸಲ ಥೆರಪಿಗೆ ಹೋದ ಮೇಲೂ ಇದರಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ದುಡ್ಡು ಕಟ್ಟುವುದನ್ನು ನಿಲ್ಲಿಸಿ, ಫಿಸಿಯೋವನ್ನು ಮಾತ್ರ ಮುಂದುವರಿಸಿ.

ಮಗು ಕೂರಲು, ಉರುಳಲು ಶುರು ಮಾಡಿದ ಮೇಲೆ ತಲೆಯ ಮೇಲೆ ಒತ್ತಡ ಕಡಿಮೆಯಾಗಿ ಆಕಾರ ನಿಧಾನಕ್ಕೆ ಸುಧಾರಿಸುತ್ತದೆ. ತಲೆಯ ಆಕಾರ ಸರಿಪಡಿಸಲು ಮಗುವಿಗೆ ಹಾಕುವ ವಿಶೇಷ ಹೆಲ್ಮೆಟ್ ಹಾಕಿಸಿ ಅಂತ ಯಾರಾದರೂ ಹೇಳಿದರೆ ಆತುರ ಬೇಡ. ನೆದರ್ಲೆಂಡ್ಸ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆಲ್ಮೆಟ್ ಹಾಕಿದ ಮಕ್ಕಳಿಗೂ ಹಾಕದೆ ಬಿಟ್ಟ ಮಕ್ಕಳಿಗೂ 2 ವರ್ಷದ ಹೊತ್ತಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ತೀರಾ ಜಾಸ್ತಿ ಸೊಟ್ಟ ಇರುವ ಮಕ್ಕಳನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ನಿಮ್ಮ ಮಗುವಿನದು ಹಾಗಿದ್ದರೆ ಮಕ್ಕಳ ನ್ಯೂರೋಸರ್ಜನ್ ಹತ್ತಿರ ಒಂದು ಅಭಿಪ್ರಾಯ ತೆಗೆದುಕೊಳ್ಳಿ, ಅದೂ 5-6 ತಿಂಗಳಿಗೆ ಮುಂಚೆ. ಹೆಲ್ಮೆಟ್ ಬೇಕೇ ಬೇಕು ಅಂತಾದರೆ ಅದು ಹೆಚ್ಚು ಕೆಲಸ ಮಾಡುವುದು ತಲೆ ಬೇಗ ಬೆಳೆಯುವ ಹೊತ್ತಿನಲ್ಲಿ.